ರೂಟರ್‌ನ ವ್ಯಾನ್ ಪುಟ: ಆಚೆ ಕಡೆ ಏನು ಕೇಳುತ್ತಿದೆ?

ರೂಟರ್‌ಗೆ ಎರಡು ಮುಖ. ಒಂದು ಮನೆಯೊಳಗಿನ ಫೋನು, ಲ್ಯಾಪ್‌ಟಾಪ್, ಟಿವಿಗಳ ಕಡೆ ತಿರುಗಿರುತ್ತದೆ. ಅದು ಲ್ಯಾನ್. ಇನ್ನೊಂದು ಇಂಟರ್ನೆಟ್ ಕೊಡುವ ಕಂಪನಿಯ ಕಡೆ ತಿರುಗಿರುತ್ತದೆ. ಅದು ವ್ಯಾನ್. ವೈಫೈ ಹೆಸರು, ಅದರ ಪಾಸ್‌ವರ್ಡ್ ಎಲ್ಲ ಒಳಮುಖದ ವಿಷಯ. ಅಲ್ಲಿ ನಮಗೆ ಬೇಕಾದ ಹಾಗೆ ಬರೆದುಕೊಳ್ಳಬಹುದು, ಯಾರೂ ಕೇಳುವುದಿಲ್ಲ. ಹೊರಮುಖ ಹಾಗಲ್ಲ. ಅದರ ಸೆಟ್ಟಿಂಗ್ ಇರುವ ವ್ಯಾನ್ ಪುಟದ ಒಂದೊಂದು ಖಾನೆಯೂ ಆಚೆ ಕಡೆಯ ಯಂತ್ರ ಕೇಳುವ ಒಂದೊಂದು ಪ್ರಶ್ನೆಗೆ ಉತ್ತರ. ಅದು ಕೇಳಿದ್ದನ್ನೇ ಹೇಳಬೇಕು. ಊಹೆ ಮಾಡಿ ತುಂಬಿದರೆ ನಡೆಯುವುದಿಲ್ಲ.

ನಾನು ಕಲಿಯುವಾಗ ಈ ಪುಟ ನನ್ನನ್ನು ಬಹಳ ದಿನ ಸತಾಯಿಸಿತು. ಖಾನೆಗಳ ಹೆಸರು ಬಾಯಿಪಾಠ ಆಗಿತ್ತು, ಯಾಕೆ ಇವೆ ಅಂತ ಗೊತ್ತಿರಲಿಲ್ಲ. ಹಾಗಾಗಿ ಇಲ್ಲಿ "ಯಾಕೆ" ಅನ್ನುವುದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಪುಟ ತೆರೆಯುವುದು

ಬ್ರೌಸರ್‌ನಲ್ಲಿ 192.168.0.1 ಅಥವಾ 192.168.1.1 ಎಂದು ಹಾಕಿ. ಸರಿಯಾದದ್ದು ಯಾವುದು ಅಂತ ರೂಟರ್‌ನ ಅಡಿಯಲ್ಲಿ ಅಂಟಿಸಿದ ಚೀಟಿಯಲ್ಲಿ ಇರುತ್ತದೆ. ಚೀಟಿ ಅಳಿಸಿಹೋಗಿದ್ದರೆ ಕಂಪ್ಯೂಟರ್‌ನ ನೆಟ್‌ವರ್ಕ್ ವಿವರದಲ್ಲಿ ಡೀಫಾಲ್ಟ್ ಗೇಟ್‌ವೇ ಎಂದು ತೋರಿಸುವ ವಿಳಾಸ ನೋಡಿ. ಸೆಟ್ಟಿಂಗ್ ಬದಲಿಸುವಾಗ ವೈಫೈ ಬೇಡ, ಲ್ಯಾನ್ ಕೇಬಲ್ ಹಾಕಿಕೊಳ್ಳಿ. ಕೆಲಸದ ನಡುವೆ ಸಂಪರ್ಕ ಕಡಿಯುವುದಿಲ್ಲ.

ಕಂಪ್ಯೂಟರ್‌ಗೆ 169.254 ಎಂದು ಶುರುವಾಗುವ ವಿಳಾಸ ಬಂದಿದ್ದರೆ ವ್ಯಾನ್ ಪುಟದ ತಂಟೆಗೇ ಹೋಗಬೇಡಿ. ಅದು ಕಂಪ್ಯೂಟರ್ ತಾನೇ ಹಾಕಿಕೊಂಡ ವಿಳಾಸ. ಅಂದರೆ ರೂಟರ್‌ನಿಂದಲೇ ಅದಕ್ಕೆ ಉತ್ತರ ಬಂದಿಲ್ಲ. ತೊಂದರೆ ಮನೆಯೊಳಗೇ ಇದೆ.

ಮೂರು ಬಗೆಯ ಸಂಪರ್ಕ

ಕನೆಕ್ಷನ್ ಟೈಪ್ ಎಂಬ ಪಟ್ಟಿಯಲ್ಲಿ ಐದಾರು ಹೆಸರು ಕಂಡರೂ ನಮಗೆ ಬೇಕಾಗುವುದು ಮೂರೇ.

ಮೊದಲನೆಯದು ಡೈನಾಮಿಕ್ ಐಪಿ, ಅಂದರೆ ಡಿಎಚ್‌ಸಿಪಿ. ಇಲ್ಲಿ ಏನೂ ತುಂಬಬೇಕಿಲ್ಲ. "ಯಾರಾದರೂ ವಿಳಾಸ ಕೊಡ್ತೀರಾ?" ಎಂದು ರೂಟರ್ ಕೂಗುತ್ತದೆ. ಆಚೆಯಿಂದ "ಇದು ತಗೋ" ಎಂದು ಬರುತ್ತದೆ. "ಸರಿ, ಇದೇ ಇರಲಿ" ಎಂದು ರೂಟರ್ ಹೇಳುತ್ತದೆ. "ಆಯ್ತು" ಎಂದು ಒಪ್ಪಿಗೆ ಬರುತ್ತದೆ. ಡಿಸ್ಕವರ್, ಆಫರ್, ರಿಕ್ವೆಸ್ಟ್, ಅಕ್ನಾಲೆಜ್, ಈ ನಾಲ್ಕು ಹೆಜ್ಜೆಗಳನ್ನು ಪರೀಕ್ಷೆಯಲ್ಲಿ ಕೇಳಿಯೇ ಕೇಳುತ್ತಾರೆ. ಕೊಟ್ಟ ವಿಳಾಸ ಬಾಡಿಗೆ ಲೆಕ್ಕದ್ದು. ಸಾಮಾನ್ಯವಾಗಿ ಅರ್ಧ ಅವಧಿ ಕಳೆದಾಗ ರೂಟರ್ ತಾನಾಗಿ ನವೀಕರಣ ಕೇಳುತ್ತದೆ.

ಇದರಲ್ಲಿ ಒಂದೇ ಒಂದು ತೊಡಕು. ಕೆಲವು ಕಂಪನಿಗಳು ಮೊದಲು ಜೋಡಿಸಿದ ಸಾಧನದ ಮ್ಯಾಕ್ ವಿಳಾಸವನ್ನು, ಅಂದರೆ ತಯಾರಕರು ಅದಕ್ಕೆ ಕೊಟ್ಟ ಗುರುತಿನ ಸಂಖ್ಯೆಯನ್ನು, ನೆನಪಿಟ್ಟುಕೊಂಡು ಅದಕ್ಕೆ ಮಾತ್ರ ಉತ್ತರ ಕೊಡುತ್ತವೆ. ಹಳೆ ರೂಟರ್ ತೆಗೆದು ಹೊಸದು ಇಟ್ಟರೆ ನೆಟ್ ಬರುವುದೇ ಇಲ್ಲ. ಆಗ ಹಳೆಯದರ ಹನ್ನೆರಡು ಅಕ್ಷರದ ಮ್ಯಾಕ್ ವಿಳಾಸವನ್ನು ಹೊಸದರ ಮ್ಯಾಕ್ ಕ್ಲೋನ್ ಖಾನೆಯಲ್ಲಿ ಬರೆಯಬೇಕು. ಇಲ್ಲವೇ ಕಂಪನಿಗೆ ಫೋನ್ ಮಾಡಿ ಹಳೆಯದನ್ನು ಬಿಡಿಸಬೇಕು.

ಎರಡನೆಯದು ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ವಿಳಾಸ. ಹೆಚ್ಚಾಗಿ ಕಚೇರಿಗಳಲ್ಲಿ ಸಿಗುತ್ತದೆ. ವಿಳಾಸ, ಸಬ್‌ನೆಟ್ ಮಾಸ್ಕ್ (ವಿಳಾಸದ ಎಷ್ಟು ಭಾಗ ನೆಟ್‌ವರ್ಕ್‌ನದು ಎಂದು ಹೇಳುವುದು), ಗೇಟ್‌ವೇ (ಹೊರಗೆ ಹೋಗುವ ಬಾಗಿಲಿನ ವಿಳಾಸ), ಡಿಎನ್ಎಸ್ (ಸೈಟಿನ ಹೆಸರನ್ನು ವಿಳಾಸ ಮಾಡುವ ಸರ್ವರ್), ನಾಲ್ಕನ್ನೂ ಕಂಪನಿಯೇ ಬರೆದು ಕೊಡುತ್ತದೆ. ನೋಡಿಕೊಂಡು ಹಾಕಿದರಾಯಿತು.

ಮೂರನೆಯದು ಪಿಪಿಪಿಒಇ. ಇದರ ಮೇಲೆ ಸ್ವಲ್ಪ ಹೊತ್ತು ಕೂರೋಣ. ಬಿಎಸ್ಎನ್ಎಲ್ ಫೈಬರ್ ಬಳಸುವ ಮನೆಗಳಲ್ಲಿ ಕಾಣುವುದು ಇದೇ. ಊರೂರಿನ ಕೇಬಲ್ ಆಪರೇಟರ್‌ಗಳು ಕೊಡುವ ಸಂಪರ್ಕದಲ್ಲೂ ಇದು ಬಹಳ ಇದೆ.

ಪಿಪಿಪಿಒಇ: ಹೆಸರು ಹೇಳಿ ಒಳಗೆ ಬನ್ನಿ

ಹಿಂದೆ ಫೋನ್ ತಂತಿಯಲ್ಲಿ ಡಯಲ್ ಮಾಡಿ ನೆಟ್ ಪಡೆಯುತ್ತಿದ್ದ ಕಾಲದಲ್ಲಿ ಪಿಪಿಪಿ ಎಂಬ ಪದ್ಧತಿ ಇತ್ತು. ಹೆಸರು, ಪಾಸ್‌ವರ್ಡ್ ಕೇಳಿ, ಸರಿ ಇದ್ದರೆ ವಿಳಾಸ ಕೊಡುವುದು ಅದರ ಕೆಲಸ. ಆಮೇಲೆ ಮನೆಗೆ ಈಥರ್ನೆಟ್ ಬಂತು. ಹಳೆಯ ಪದ್ಧತಿಯಲ್ಲಿ ಗಿರಾಕಿಯ ಲೆಕ್ಕ ಇಡುವುದು ಸುಲಭ, ಹಾಗಾಗಿ ಕಂಪನಿಗಳಿಗೆ ಅದನ್ನು ಬಿಡಲು ಮನಸ್ಸಿರಲಿಲ್ಲ. ಅದನ್ನೇ ಈಥರ್ನೆಟ್ ಮೇಲೆ ಕೂರಿಸಿದರು. ಅದೇ ಪಿಪಿಪಿಒಇ. ಇದರ ವಿವರಣೆ ಆರ್‌ಎಫ್‌ಸಿ 2516 ಎಂಬ ಇಂಟರ್ನೆಟ್ ದಾಖಲೆಯಾಗಿ ಹೊರಬಂದದ್ದು 1999ರಲ್ಲಿ.

ಇದು ಎರಡು ಹಂತದಲ್ಲಿ ನಡೆಯುತ್ತದೆ. ಈ ಎರಡನ್ನು ಬೇರೆ ಬೇರೆಯಾಗಿ ಮನಸ್ಸಲ್ಲಿ ಇಟ್ಟುಕೊಂಡರೆ ಮುಂದೆ ದೋಷ ಹುಡುಕುವುದು ಅರ್ಧ ಮುಗಿದ ಹಾಗೆ.

ಮೊದಲ ಹಂತ, ಹುಡುಕಾಟ. "ಅಲ್ಲಿ ಯಾರಾದರೂ ಇದ್ದೀರಾ?" ಎಂದು ರೂಟರ್ ಕೂಗು ಹಾಕುತ್ತದೆ. ಇದಕ್ಕೆ ಪಿಎಡಿಐ ಎಂದು ಹೆಸರು. "ನಾನಿದ್ದೇನೆ" ಎಂದು ಆಚೆಯಿಂದ ಪಿಎಡಿಒ ಬರುತ್ತದೆ. "ಹಾಗಾದರೆ ನಿಮ್ಮ ಜೊತೆ ಮಾತಾಡುತ್ತೇನೆ" ಎಂದು ರೂಟರ್ ಪಿಎಡಿಆರ್ ಕಳಿಸುತ್ತದೆ. ಕೊನೆಗೆ ಪಿಎಡಿಎಸ್, ಅದರಲ್ಲಿ ಸೆಷನ್ ನಂಬರ್ ಇರುತ್ತದೆ. ಇಲ್ಲಿಯವರೆಗೆ ಯಾರೂ ಪಾಸ್‌ವರ್ಡ್ ಕೇಳಿಲ್ಲ, ಗಮನಿಸಿ.

ಎರಡನೇ ಹಂತ, ಗುರುತು ತೋರಿಸುವುದು. ಈಗ ಯೂಸರ್‌ನೇಮ್, ಪಾಸ್‌ವರ್ಡ್ ಹೋಗುತ್ತವೆ. ಒಪ್ಪಿಗೆಯಾದರೆ ಐಪಿ ವಿಳಾಸ, ಡಿಎನ್ಎಸ್ ಬರುತ್ತವೆ.

ಇದು ನಿಜವಾಗಿ ಯಾಕೆ ಮುಖ್ಯ ಅಂತ ನನಗೆ ಅರ್ಥವಾದದ್ದು ಸಾಗರದ ಹತ್ತಿರ ಇರುವ ಚಿಕ್ಕಪ್ಪನ ಜೆರಾಕ್ಸ್ ಅಂಗಡಿಯಲ್ಲಿ. ಜೋರು ಮಳೆ. ಪಹಣಿ ತೆಗೆಸಲು ಬಂದವರು ಬೆಂಚಿನ ಮೇಲೆ ಕಾಯುತ್ತಿದ್ದರು. ಚಿಕ್ಕಪ್ಪ ಡಬ್ಬಿ ತೋರಿಸಿ, "ದೀಪ ಎಲ್ಲ ಹಸಿರೇ ಇದೆಯಲ್ಲೋ, ನೆಟ್ ಯಾಕೆ ಬರ್ತಾ ಇಲ್ಲ?" ಅಂದರು. ಪಕ್ಕದಲ್ಲಿ ನೇರ ಮಾಡಿದ ಒಂದು ಪೇಪರ್ ಕ್ಲಿಪ್ ಬಿದ್ದಿತ್ತು. "ಚಿಕ್ಕಪ್ಪ, ಹಿಂದೆ ಸಣ್ಣ ತೂತಿನಲ್ಲಿ ಏನಾದ್ರೂ ಒತ್ತಿದ್ರಾ?" ಅಂತ ಕೇಳಿದೆ. "ಆಫ್ ಮಾಡಿ ಆನ್ ಮಾಡು ಅಂದ್ರು, ಅದಕ್ಕೇ ಒತ್ತಿದೆ" ಅಂದರು.

ಅದು ರೀಸೆಟ್ ಗುಂಡಿ. ರೀಸ್ಟಾರ್ಟ್ ಅಂದರೆ ಕರೆಂಟ್ ತೆಗೆದು ಹಾಕುವುದು. ಸೆಟ್ಟಿಂಗ್ ಹಾಗೇ ಇರುತ್ತದೆ. ರೀಸೆಟ್ ಅಂದರೆ ಡಬ್ಬಿಯನ್ನು ಫ್ಯಾಕ್ಟರಿಯಿಂದ ಬಂದ ದಿನಕ್ಕೆ ಒಯ್ಯುವುದು. ನಾವು ತುಂಬಿದ್ದೆಲ್ಲ ಅಳಿಸಿಹೋಗುತ್ತದೆ. ಎರಡೂ ಹೆಸರು ಕೇಳಲು ಒಂದೇ ಥರ, ಗೊಂದಲ ಆಗುವುದು ಸಹಜ.

ಪುಣ್ಯಕ್ಕೆ ಸಂಪರ್ಕ ಕೊಟ್ಟ ದಿನದ ರಸೀದಿಯ ಹಿಂದೆ ಯೂಸರ್‌ನೇಮ್, ಪಾಸ್‌ವರ್ಡ್ ಬರೆದಿತ್ತು. ಪಿಪಿಪಿಒಇ ಆರಿಸಿ ಅವನ್ನು ಹಾಕಿದೆ. ಆದರೂ ಬರಲಿಲ್ಲ. ಪಾಸ್‌ವರ್ಡ್ ತಪ್ಪಿರಬೇಕು ಎಂದು ಮೂರು ಸಲ ಬರೆದೆ. ನಾಲ್ಕನೇ ಸಲ ಸ್ಟೇಟಸ್ ಪುಟದ ಸಾಲನ್ನು ನಿಧಾನಕ್ಕೆ ಓದಿದೆ. ಸರ್ವರ್‌ನಿಂದ ಉತ್ತರ ಇಲ್ಲ ಎಂದಿತ್ತು. ಪಾಸ್‌ವರ್ಡ್ ತಪ್ಪು ಎಂದಿರಲಿಲ್ಲ. ಅಂದರೆ ಮೊದಲ ಹಂತವೇ ದಾಟಿಲ್ಲ. ಕೂಗಿಗೆ ಉತ್ತರವೇ ಬಾರದಿದ್ದಾಗ ಪಾಸ್‌ವರ್ಡ್ ತಿದ್ದಿ ಏನು ಪ್ರಯೋಜನ, ಅಲ್ವಾ? ಕಳೆದುಹೋಗಿದ್ದದ್ದು ಇನ್ನೊಂದು ಸಂಖ್ಯೆ, ವಿಲ್ಯಾನ್ ಐಡಿ (ಅದೇನೆಂದು ಮುಂದೆ ನೋಡೋಣ). ಆಪರೇಟರ್‌ಗೆ ಫೋನ್ ಮಾಡಿದೆ, ಅವರು ಸಂಖ್ಯೆ ಹೇಳಿದರು, ಹಾಕಿದ ಅರ್ಧ ನಿಮಿಷದಲ್ಲಿ ನೆಟ್ ಬಂತು.

ವಿಂಡೋಸ್‌ನಿಂದಲೇ ನೇರವಾಗಿ ಡಯಲ್ ಮಾಡುವವರಿಗೆ ಇದೇ ಎರಡು ಹಂತ ಸಂಖ್ಯೆಯಾಗಿ ಕಾಣುತ್ತದೆ. 678 ಎಂದರೆ ಆಚೆಯಿಂದ ಉತ್ತರ ಇಲ್ಲ. 691 ಎಂದರೆ ಉತ್ತರ ಬಂದಿದೆ, ಆದರೆ ಹೆಸರು ಅಥವಾ ಪಾಸ್‌ವರ್ಡ್ ಒಪ್ಪಿಲ್ಲ. ಒಂದರಲ್ಲಿ ಕೇಬಲ್, ವಿಲ್ಯಾನ್ ನೋಡಬೇಕು. ಇನ್ನೊಂದರಲ್ಲಿ ರಸೀದಿ ನೋಡಬೇಕು.

691ರ ಜೊತೆ ಇನ್ನೊಂದು ವಿಷಯ ಸೇರಿಕೊಳ್ಳುತ್ತದೆ. ಕರೆಂಟ್ ಥಟ್ಟನೆ ಹೋದಾಗ ರೂಟರ್‌ಗೆ "ಹೊರಟೆ" ಎಂದು ಹೇಳಲು ಸಮಯ ಸಿಗುವುದಿಲ್ಲ. ಆಚೆ ಕಡೆ ಹಳೆ ಸೆಷನ್ ಇನ್ನೂ ತೆರೆದೇ ಇರುತ್ತದೆ. ಕರೆಂಟ್ ಬಂದ ಕೂಡಲೇ ಅದೇ ಹೆಸರಲ್ಲಿ ಮತ್ತೆ ಹೋದರೆ, ಒಂದೇ ಲಾಗಿನ್ ಬಿಡುವ ಕಂಪನಿ ಬಾಗಿಲು ತೆರೆಯುವುದಿಲ್ಲ. ಪಾಸ್‌ವರ್ಡ್ ಸರಿ ಇದ್ದರೂ ತಪ್ಪು ಎಂದಂತೆ ಕಾಣುತ್ತದೆ. ಕೆಲವು ನಿಮಿಷ ರೂಟರ್ ಆಫ್ ಮಾಡಿಟ್ಟು ಕಾಯಿರಿ. ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಕರೆಂಟ್ ಹೋಗುವ ಊರುಗಳಲ್ಲಿ ರೂಟರ್‌ಗೆ ಒಂದು ಸಣ್ಣ ಯುಪಿಎಸ್ ಇಡುವುದು ನನ್ನ ಪ್ರಕಾರ ವೇಗದ ಪ್ಲ್ಯಾನ್ ಹಾಕಿಸುವುದಕ್ಕಿಂತ ಒಳ್ಳೆಯದು.

ವಿಲ್ಯಾನ್ ಐಡಿ

ಒಂದೇ ಫೈಬರ್‌ನಲ್ಲಿ ಇಂಟರ್ನೆಟ್, ಫೋನು, ಟಿವಿ ಮೂರೂ ಬರಬಹುದು. ಯಾವ ಪ್ಯಾಕೆಟ್ ಯಾವುದರದ್ದು ಅಂತ ಗೊತ್ತಾಗಲು ಪ್ರತಿಯೊಂದಕ್ಕೂ ನಾಲ್ಕು ಬೈಟ್‌ನ ಒಂದು ಚೀಟಿ ಅಂಟಿಸುತ್ತಾರೆ. ಅದರ ಮೇಲಿನ ಸಂಖ್ಯೆಯೇ ವಿಲ್ಯಾನ್ ಐಡಿ. 1ರಿಂದ 4094ರವರೆಗೆ ಯಾವುದೂ ಇರಬಹುದು. ಊರಿಂದ ಊರಿಗೆ ಬದಲಾಗಬಹುದು, ಹಾಗಾಗಿ ಬೇರೆ ಊರಿನ ಗೆಳೆಯನ ಸಂಖ್ಯೆ ತಂದು ಹಾಕಬೇಡಿ.

ಬಿಎಸ್ಎನ್ಎಲ್ 2005ರಲ್ಲಿ ಡೇಟಾವನ್ ಹೆಸರಲ್ಲಿ ತಾಮ್ರದ ತಂತಿಯ ಬ್ರಾಡ್‌ಬ್ಯಾಂಡ್ ಶುರು ಮಾಡಿದಾಗ ಈ ಜಾಗದಲ್ಲಿ ವಿಪಿಐ, ವಿಸಿಐ ಎಂಬ ಎರಡು ಖಾನೆ ಇದ್ದವು. ಅವುಗಳಲ್ಲಿ 0 ಮತ್ತು 35 ಹಾಕುತ್ತಿದ್ದದ್ದು ಆ ಕಾಲದವರಿಗೆ ಇವತ್ತಿಗೂ ನೆನಪಿರುತ್ತದೆ. ತಂತಿ ಹೋಗಿ ಗಾಜಿನ ಎಳೆ ಬಂತು, ಖಾನೆಯ ಹೆಸರು ಬದಲಾಯಿತು. "ನೀನು ಯಾವ ದಾರಿಯವನು?" ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ಎಂಟಿಯು: 1500 ಅಲ್ಲ, 1492

ಒಂದು ಪ್ಯಾಕೆಟ್‌ನಲ್ಲಿ ಹೆಚ್ಚೆಂದರೆ ಎಷ್ಟು ಬೈಟ್ ಹೋಗಬಹುದು ಎಂಬುದೇ ಎಂಟಿಯು. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನನಗೆ ಈ ಪುಟದಲ್ಲಿ ತುಂಬಾ ಇಷ್ಟವಾದ ಖಾನೆ ಇದೇ.

ಅಡಿಕೆ ಚೀಲ ಹೊಲಿಯುವುದನ್ನು ನೋಡಿದ್ದೀರಾ? ಬಾಯಿಯವರೆಗೂ ತುಂಬಿದರೆ ಹೊಲಿಯಲು ಅಂಚು ಸಿಗುವುದಿಲ್ಲ. ಸ್ವಲ್ಪ ಜಾಗ ಬಿಡಲೇಬೇಕು. ಈಥರ್ನೆಟ್‌ನಲ್ಲಿ ಒಂದು ಸಲಕ್ಕೆ ಹೋಗುವ ಸರಕು 1500 ಬೈಟ್. ಪಿಪಿಪಿಒಇ ತನ್ನ ಹೊಲಿಗೆಗೆ 8 ಬೈಟ್ ತೆಗೆದುಕೊಳ್ಳುತ್ತದೆ, 6 ತನ್ನ ತಲೆಬರಹಕ್ಕೆ, 2 ಪಿಪಿಪಿಯ ಗುರುತಿಗೆ. ಉಳಿದದ್ದು 1492. ಆ ಖಾನೆಯಲ್ಲಿ ಹಾಕಬೇಕಾದದ್ದು ಅದನ್ನೇ.

1500 ಎಂದೇ ಬಿಟ್ಟರೆ ವಿಚಿತ್ರವಾದ ತೊಂದರೆ ಬರಬಹುದು. ಸಣ್ಣ ಪುಟಗಳು ತೆರೆಯುತ್ತವೆ, ಚಾಟ್ ಸಂದೇಶ ಹೋಗುತ್ತದೆ, ಆದರೆ ಕೆಲವು ಸೈಟ್ ಅರ್ಧಕ್ಕೆ ನಿಂತುಬಿಡುತ್ತವೆ. ದೊಡ್ಡ ಪ್ಯಾಕೆಟ್ ತೂರಲಾಗದೆ ಬಿದ್ದುಹೋಗುತ್ತದೆ. "ದೊಡ್ಡದಾಯ್ತು, ಚಿಕ್ಕದು ಕಳಿಸು" ಎಂಬ ಮಾಹಿತಿಯನ್ನು ದಾರಿಯಲ್ಲಿ ಯಾವುದಾದರೂ ಫೈರ್‌ವಾಲ್ ತಡೆದಿದ್ದರೆ ಕಳಿಸಿದವರಿಗೆ ಏನಾಯಿತೆಂದೇ ತಿಳಿಯುವುದಿಲ್ಲ.

ಪರೀಕ್ಷಿಸಲು ಪಿಂಗ್ ಸಾಕು, ಅಂದರೆ ಒಂದು ಪ್ಯಾಕೆಟ್ ಕಳಿಸಿ ಉತ್ತರ ಬರುತ್ತದೆಯೇ ಎಂದು ನೋಡುವ ಆಜ್ಞೆ. ಪ್ಯಾಕೆಟ್ ಒಡೆಯಬಾರದು ಎಂಬ ಆಯ್ಕೆ ಹಾಕಿ, ಗಾತ್ರ 1464 ಕೊಡಿ. ಇದಕ್ಕೆ ಐಪಿ ತಲೆಬರಹದ 20 ಮತ್ತು ಪಿಂಗ್ ಬಳಸುವ ಐಸಿಎಂಪಿ ತಲೆಬರಹದ 8 ಬೈಟ್ ಸೇರಿ 1492 ಆಗುತ್ತದೆ. ಇದು ಹೋಗಿ 1472 ಹೋಗದಿದ್ದರೆ ನಮ್ಮ ಲೆಕ್ಕ ಸರಿ. ಒಂದು ಸಲ ಕೈಯಾರೆ ಮಾಡಿ ನೋಡಿ. ಪುಸ್ತಕದಲ್ಲಿ ಓದಿದ 28 ಬೈಟ್ ಆಗ ಕಣ್ಣಿಗೆ ಕಾಣುತ್ತದೆ.

ಡಿಎನ್ಎಸ್

ಹೆಸರನ್ನು ವಿಳಾಸ ಮಾಡುವ ಕೆಲಸ ಇದರದ್ದು. ಕಂಪನಿ ಕೊಟ್ಟದ್ದನ್ನೇ ಇಟ್ಟುಕೊಳ್ಳಬಹುದು. ಇಲ್ಲವೇ ಗೂಗಲ್‌ನ 8.8.8.8, ಕ್ಲೌಡ್‌ಫ್ಲೇರ್‌ನ 1.1.1.1 ಹಾಕಬಹುದು. ಇದನ್ನು ಬದಲಿಸಿದರೆ ಡೌನ್‌ಲೋಡ್ ವೇಗ ದುಪ್ಪಟ್ಟಾಗುತ್ತದೆ ಎಂಬ ಮಾತು ನಂಬಬೇಡಿ. ಪುಟ ತೆರೆಯುವ ಮೊದಲ ಕ್ಷಣ ಮಾತ್ರ ಸ್ವಲ್ಪ ಬೇಗ ಆಗಬಹುದು. 8.8.8.8ಕ್ಕೆ ಪಿಂಗ್ ಹೋಗುತ್ತದೆ, ಸೈಟಿನ ಹೆಸರು ಹಾಕಿದರೆ ಮಾತ್ರ ತೆರೆಯುವುದಿಲ್ಲ ಎಂದಾದರೆ ತೊಂದರೆ ಇಲ್ಲೇ.

ಫೈಬರ್ ಡಬ್ಬಿಯ ಹಿಂದೆ ಇನ್ನೊಂದು ರೂಟರ್

ಕಂಪನಿ ಕೊಟ್ಟ ಓಎನ್‌ಟಿ, ಅಂದರೆ ಫೈಬರ್ ಬಂದು ಸೇರುವ ಡಬ್ಬಿಯೇ ರೂಟರ್ ಕೆಲಸವನ್ನೂ ಮಾಡುತ್ತಿರಬಹುದು. ಅದರ ಹಿಂದೆ ನಮ್ಮ ರೂಟರ್ ಜೋಡಿಸಿದರೆ ಇಬ್ಬರೂ ವಿಳಾಸ ಬದಲಿಸುತ್ತಾರೆ. ಇದನ್ನು ಡಬಲ್ ನ್ಯಾಟ್ ಎನ್ನುತ್ತಾರೆ. ಎರಡಕ್ಕೂ 192.168.1.1 ಎಂದೇ ವಿಳಾಸ ಇದ್ದರೆ ಪುಟ ತೆರೆಯುವುದೂ ಕಷ್ಟ. ದಾರಿ ಎರಡು. ಓಎನ್‌ಟಿಯನ್ನು ಬ್ರಿಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಪ್ಯಾಕೆಟ್ ದಾಟಿಸುವುದಷ್ಟೇ) ಹಾಕಿಸಿ ಪಿಪಿಪಿಒಇಯನ್ನು ನಮ್ಮ ರೂಟರ್‌ಗೆ ಕೊಡುವುದು ಒಂದು. ವೈಫೈ ಮಾತ್ರ ದೂರ ಹೋಗಬೇಕೆಂದರೆ ನಮ್ಮ ರೂಟರ್‌ಗೆ ಬೇರೆ ವಿಳಾಸ ಕೊಟ್ಟು, ಅದರ ಡಿಎಚ್‌ಸಿಪಿ ನಿಲ್ಲಿಸಿ, ಕೇಬಲನ್ನು ವ್ಯಾನ್ ಬದಲು ಲ್ಯಾನ್ ತೂತಿಗೆ ಹಾಕುವುದು ಇನ್ನೊಂದು. ಮನೆಗೆ ಎರಡನೆಯದೇ ಸಾಕು.

ಡಬ್ಬಿಯ ದೀಪವನ್ನೂ ಓದಲು ಕಲಿಯಿರಿ. ಪಾನ್ ದೀಪ ಹಸಿರಾಗಿ ನಿಂತಿದ್ದರೆ ಬೆಳಕು ಬರುತ್ತಿದೆ, ಆಚೆ ಕಡೆಗೆ ಡಬ್ಬಿಯ ಗುರುತು ಸಿಕ್ಕಿದೆ ಎಂದರ್ಥ. ಸೆಟ್ಟಿಂಗ್ ಸರಿ ಇದೆ ಎಂದಲ್ಲ. ಚಿಕ್ಕಪ್ಪನ ಅಂಗಡಿಯಲ್ಲಿ ಆದದ್ದು ಅದೇ. ಎಲ್‌ಒಎಸ್ ದೀಪ ಕೆಂಪಾದರೆ ಬೆಳಕೇ ಬರುತ್ತಿಲ್ಲ. ಫೈಬರ್ ತುಂಡಾಗಿರಬಹುದು, ಎಲ್ಲೋ ತೀರಾ ಮಡಚಿರಬಹುದು. ಆಗ ವ್ಯಾನ್ ಪುಟ ಮುಟ್ಟಲೇಬೇಡಿ. ಸರಿ ಇದ್ದದ್ದನ್ನೂ ಕೆಡಿಸಿಕೊಳ್ಳುತ್ತೇವೆ.

ವ್ಯಾನ್ ಐಪಿ ಸಿಕ್ಕಿತು, ಆದರೂ ಕ್ಯಾಮೆರಾ ಕಾಣುವುದಿಲ್ಲ

ಚಿಕ್ಕಪ್ಪನಿಗೆ ಅಂಗಡಿಯ ಕ್ಯಾಮೆರಾವನ್ನು ಮನೆಯಿಂದ ನೋಡಬೇಕಿತ್ತು. ಹೊರಗಿನಿಂದ ಬಂದ ಕೂಗನ್ನು ಕ್ಯಾಮೆರಾಗೆ ದಾಟಿಸುವ ಪೋರ್ಟ್ ಫಾರ್ವರ್ಡಿಂಗ್ ಮಾಡಿದೆ, ಕಾಣಲಿಲ್ಲ. ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ 100.70 ಎಂದು ಶುರುವಾಗಿತ್ತು. ಕಾರಣ ಅಲ್ಲೇ ಇತ್ತು.

ಐಪಿವಿ4 ವಿಳಾಸಗಳು ಒಟ್ಟು ಸುಮಾರು 429 ಕೋಟಿ. ನಮ್ಮ ಏಷ್ಯಾ-ಪೆಸಿಫಿಕ್ ಭಾಗಕ್ಕೆ ಹಂಚುವ ಎಪಿನಿಕ್ ಸಂಸ್ಥೆ 2011ರ ಏಪ್ರಿಲ್‌ನಲ್ಲೇ ತನ್ನ ಕೊನೆಯ ದೊಡ್ಡ ಕಂತಿಗೆ ಬಂದಿತ್ತು. ಅದಕ್ಕೇ ಕಂಪನಿಗಳು ಒಂದು ಸಾರ್ವಜನಿಕ ವಿಳಾಸವನ್ನು ಹಲವು ಗಿರಾಕಿಗಳಿಗೆ ಹಂಚುತ್ತವೆ. ಇದು ಸಿಜಿನ್ಯಾಟ್. ಇದಕ್ಕೆಂದೇ 2012ರಲ್ಲಿ 100.64.0.0ರಿಂದ 100.127.255.255ರವರೆಗಿನ ವಿಳಾಸ ಮೀಸಲಿಟ್ಟರು. ಕೆಲವು ಕಂಪನಿಗಳು 10ರಿಂದ ಶುರುವಾಗುವ ವಿಳಾಸವನ್ನೂ ಕೊಡುತ್ತವೆ. ಎರಡರಲ್ಲಿ ಯಾವುದು ಕಂಡರೂ ಹೊರಗಿನಿಂದ ನಮ್ಮ ರೂಟರ್‌ವರೆಗೆ ನೇರ ದಾರಿ ಇಲ್ಲ. ನಮ್ಮ ಪೋರ್ಟ್ ಫಾರ್ವರ್ಡಿಂಗ್ ಎಷ್ಟು ಸರಿ ಇದ್ದರೂ ಕೂಗು ಕಂಪನಿಯ ಬಾಗಿಲಲ್ಲೇ ನಿಲ್ಲುತ್ತದೆ.

ಸ್ಟ್ಯಾಟಿಕ್ ಐಪಿ ಕೇಳಿ ಪಡೆಯುವುದು ಒಂದು ಉಪಾಯ, ಅದಕ್ಕೆ ದುಡ್ಡು ಜಾಸ್ತಿ. ಕ್ಯಾಮೆರಾದ ಸ್ವಂತ ಆ್ಯಪ್ ಬಳಸುವುದು ಇನ್ನೊಂದು. ಅಲ್ಲಿ ಕ್ಯಾಮೆರಾವೇ ಒಳಗಿನಿಂದ ಹೊರಗಿನ ಸರ್ವರ್‌ಗೆ ಸಂಪರ್ಕ ತೆರೆಯುತ್ತದೆ, ಹಾಗಾಗಿ ಸಿಜಿನ್ಯಾಟ್ ಅಡ್ಡ ಬರುವುದಿಲ್ಲ. ಚಿಕ್ಕಪ್ಪ ಆ್ಯಪ್ ಹಾಕಿಸಿಕೊಂಡರು. ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ, 1492, ಇಷ್ಟನ್ನೂ ಒಂದು ಕಾರ್ಡಿನಲ್ಲಿ ಬರೆದು, ಲ್ಯಾಮಿನೇಷನ್ ಮಾಡಿ, ಕ್ಯಾಶ್ ಡ್ರಾಯರ್ ಒಳಗೆ ಇಟ್ಟಿದ್ದಾರೆ.