ಓರಗೆಯವರ ಆಸರೆ: ಎಚ್‌ಐವಿಯೊಂದಿಗೆ ಬೆಳೆದ ಮಕ್ಕಳು ಮತ್ತು ಕರಾವಳಿ

ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯ ಎಆರ್‌ಟಿ (ಎಚ್‌ಐವಿಗೆ ಔಷಧ ನೀಡುವ) ಕೇಂದ್ರದಿಂದಲೋ ಉಡುಪಿಯ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಿಂದಲೋ ಮಾತ್ರೆ ಪಡೆದು ಹೊರಡುವವರಲ್ಲಿ ಕಾಲೇಜು ಓದುವವರೂ, ಈಗಷ್ಟೇ ಕೆಲಸಕ್ಕೆ ಸೇರಿದವರೂ ಇದ್ದಾರೆ. ಅವರಲ್ಲಿ ಕೆಲವರು ಹುಟ್ಟುವಾಗಲೇ ತಾಯಿಯಿಂದ ಸೋಂಕು ಪಡೆದವರು. ಔಷಧ ಅವರನ್ನು ಬದುಕಿಸಿದೆ. ಆದರೆ ಆ ಬದುಕನ್ನು ಹೇಗೆ ಸಾಗಿಸಬೇಕು, ಯಾರಲ್ಲಿ ಏನು ಹೇಳಬೇಕು, ಮದುವೆಯ ಮಾತು ಬಂದಾಗ ಏನು ಮಾಡಬೇಕು ಎಂಬುದನ್ನು ಅದೇ ದಾರಿಯಲ್ಲಿ ನಾಲ್ಕು ಹೆಜ್ಜೆ ಮುಂದೆ ನಡೆದವರಷ್ಟು ಚೆನ್ನಾಗಿ ಬೇರೆ ಯಾರೂ ಹೇಳಿಕೊಡಲಾರರು.

ಈ ಪೀಳಿಗೆಯನ್ನು ಯಾರೂ ನಿರೀಕ್ಷಿಸಿರಲಿಲ್ಲ. ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಅಂದಿನ ಮದರಾಸಿನಲ್ಲಿ. ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮ 1992ರಲ್ಲಿ ಆರಂಭವಾಯಿತಾದರೂ ಮುಂದಿನ ಹಲವು ವರ್ಷ ಔಷಧ ಬಡವರ ಕೈಗೆಟುಕಲಿಲ್ಲ. 2001ರಲ್ಲಿ ಭಾರತದ ಸಿಪ್ಲಾ ಕಂಪನಿಯು ಮೂರು ಔಷಧಗಳ ಚಿಕಿತ್ಸೆಯನ್ನು ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ ನೀಡುವುದಾಗಿ ಪ್ರಕಟಿಸಿದ ಮೇಲೆ ಜಗತ್ತಿನ ಲೆಕ್ಕಾಚಾರ ಬದಲಾಯಿತು. 2004ರ ಏಪ್ರಿಲ್ 1ರಂದು ಕರ್ನಾಟಕವೂ ಸೇರಿ ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಸರ್ಕಾರದ ಉಚಿತ ಚಿಕಿತ್ಸೆ ಶುರುವಾಯಿತು. ಮಕ್ಕಳಿಗಾಗಿಯೇ ರೂಪಿಸಿದ ಯೋಜನೆ ಬಂದದ್ದು 2006ರ ಕೊನೆಯಲ್ಲಿ. ಚಿಕಿತ್ಸೆ ಸಿಗದಿದ್ದರೆ ಸೋಂಕಿನೊಂದಿಗೆ ಹುಟ್ಟಿದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಎರಡು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಾರೆ. ಉಳಿದವರು ಬೆಳೆದು ಹದಿಹರೆಯ ತಲುಪಿದಾಗ ಕೇಂದ್ರಗಳಲ್ಲಿ ಮಕ್ಕಳಿಗೊಂದು, ದೊಡ್ಡವರಿಗೊಂದು ವ್ಯವಸ್ಥೆ ಇತ್ತು. ನಡುವಿನವರ ಬಗ್ಗೆ ಹೆಚ್ಚು ಯೋಚಿಸಿದವರಿರಲಿಲ್ಲ.

ಅಪ್ಪ ಅಮ್ಮನನ್ನು ಬೇಗ ಕಳೆದುಕೊಂಡ ಮಕ್ಕಳು ನಮ್ಮಲ್ಲಿ ಹೆಚ್ಚಾಗಿ ಅಜ್ಜಿಯ ಇಲ್ಲವೇ ಸೋದರಮಾವನ ಆಶ್ರಯದಲ್ಲಿ ಬೆಳೆಯುತ್ತಾರೆ. ಮಗುವಿಗೆ ನೋವಾಗಬಾರದೆಂಬ ಪ್ರೀತಿಯಿಂದ, ಮನೆಯ ಹೆಸರಿನ ಚಿಂತೆಯಿಂದಲೂ, ಅದು ರಕ್ತ ಕಡಿಮೆ ಇರುವುದಕ್ಕೆ ಕೊಡುವ ಮಾತ್ರೆ ಎಂದೋ ದಮ್ಮಿನ ಮಾತ್ರೆ ಎಂದೋ ಹೇಳಿ ವರ್ಷಗಳನ್ನು ದಾಟಿಸುವುದುಂಟು. ಶಾಲೆಗೆ ಹೋಗುವ ವಯಸ್ಸಿನಲ್ಲೇ, ಆರರಿಂದ ಹನ್ನೆರಡು ವರ್ಷದೊಳಗೆ, ಮಗುವಿಗೆ ತನ್ನ ಸ್ಥಿತಿಯನ್ನು ತಿಳಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿಯೇ ಸಲಹೆ ನೀಡಿದೆ. ತಡವಾಗಿ, ಅದೂ ಆಸ್ಪತ್ರೆಯ ಫಲಕವನ್ನೋ ಮೊಬೈಲನ್ನೋ ನೋಡಿ ತಾನೇ ಕಂಡುಕೊಂಡ ಹುಡುಗನಿಗೆ ಸಿಟ್ಟು ಬರುವುದು ಸಹಜ. ಆ ಸಿಟ್ಟಿನಲ್ಲಿ ಅವನು ಮೊದಲು ಬಿಡುವುದು ಮಾತ್ರೆಯನ್ನೇ. ಮಾತ್ರೆ ಪದೇ ಪದೇ ತಪ್ಪಿದರೆ ವೈರಾಣು ಔಷಧಕ್ಕೆ ಬಗ್ಗದಂತಾಗುತ್ತದೆ ಎಂಬುದನ್ನು ವೈದ್ಯರು ಹೇಳಿಯೇ ಹೇಳುತ್ತಾರೆ. ತಿಳಿವಳಿಕೆಯ ಕೊರತೆಯೊಂದೇ ತೊಡಕಾಗಿದ್ದರೆ ಅಷ್ಟು ಸಾಕಿತ್ತು.

ಮೂವತ್ತು ಮಾತ್ರೆಗಳ ಪ್ಲಾಸ್ಟಿಕ್ ಡಬ್ಬಿಯನ್ನೇ ತೆಗೆದುಕೊಳ್ಳಿ. ಚೀಲದಲ್ಲಿಟ್ಟು ನಡೆದರೆ ಅದು ಗಲಗಲ ಸದ್ದು ಮಾಡುತ್ತದೆ. ಹಾಸ್ಟೆಲಿನ ಕೋಣೆಯಲ್ಲಿ, ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರಿನ ಖಾಸಗಿ ಬಸ್ಸಿನಲ್ಲಿ, ಆ ಸದ್ದೇ ಭಯ ಹುಟ್ಟಿಸುತ್ತದೆ. ಹಾಗಾಗಿ ಮಾತ್ರೆಗಳನ್ನು ಕಾಗದದಲ್ಲಿ ಸುತ್ತಿ ಜೇಬಿಗಿಳಿಸುವವರಿದ್ದಾರೆ; ಆದರೆ ಕರಾವಳಿಯ ಮಳೆಗಾಲದ ತೇವಕ್ಕೆ ಬಿಡಿ ಮಾತ್ರೆ ಕೆಡುವ ಸಂಭವವಿದೆ. ಡಬ್ಬಿಯನ್ನು ಬದಲಿಸಬೇಡ, ತೇವ ಹೀರುವ ಪುಟ್ಟ ಪೊಟ್ಟಣವನ್ನು ಎಸೆಯಬೇಡ, ಮೇಲಿನ ಚೀಟಿಯನ್ನು ಕಿತ್ತುಬಿಡು, ಸದ್ದಾಗದಂತೆ ಮಾತ್ರೆಗಳ ಮೇಲೆ ಒಂದಿಷ್ಟು ಹತ್ತಿ ಇಡು ಎಂದು ಹೇಳುವವರು ಸ್ವತಃ ಆ ಡಬ್ಬಿಯನ್ನು ಹೊತ್ತು ತಿರುಗಿದ ಅಣ್ಣನೋ ಅಕ್ಕನೋ ಆಗಿರುತ್ತಾರೆ. ಇಂಥ ಮಾತು ಸಣ್ಣದೆಂದು ನನಗೆ ಅನ್ನಿಸುವುದಿಲ್ಲ; ಚಿಕಿತ್ಸೆ ನಿಲ್ಲುವುದೂ ಮುಂದುವರಿಯುವುದೂ ಬಹುಮಟ್ಟಿಗೆ ಇಂಥವುಗಳ ಮೇಲೆಯೇ.

ಸೋಂಕಿತರು ತಮ್ಮ ಪರವಾಗಿ ತಾವೇ ಮಾತನಾಡಬೇಕೆಂಬ ವಿಚಾರ ಹೊಸದಲ್ಲ. 1983ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ನಡೆದ ಸಮ್ಮೇಳನವೊಂದರಲ್ಲಿ ಏಡ್ಸ್ ಇದ್ದವರು ವೇದಿಕೆಯೇರಿ, ತಮ್ಮನ್ನು ಬಲಿಪಶುಗಳೆಂದು ಕರೆಯಕೂಡದು, ತಮಗೆ ಸಂಬಂಧಿಸಿದ ತೀರ್ಮಾನಗಳಲ್ಲಿ ತಮಗೂ ಸ್ಥಾನ ಬೇಕು ಎಂದು ಘೋಷಿಸಿದರು. 1994ರ ಪ್ಯಾರಿಸ್ ಶೃಂಗಸಭೆಯಲ್ಲಿ 42 ರಾಷ್ಟ್ರಗಳು ಆ ತತ್ವವನ್ನು ಒಪ್ಪಿಕೊಂಡವು. ಭಾರತದಲ್ಲಿ ಸೋಂಕಿತರ ರಾಷ್ಟ್ರೀಯ ಜಾಲ 1997ರಲ್ಲಿ ರೂಪುಗೊಂಡಿತು. ಇವೆಲ್ಲ ದೊಡ್ಡವರ ಸಂಘಟನೆಗಳು. ಎಳೆಯರೇ ಎಳೆಯರ ಕೈ ಹಿಡಿಯುವ ಕೆಲಸವನ್ನು ಚಿಕಿತ್ಸೆಯ ಭಾಗವನ್ನಾಗಿಯೇ ಮಾಡಿ ತೋರಿಸಿದ್ದು ಜಿಂಬಾಬ್ವೆ. ಅಲ್ಲಿ 2004ರಲ್ಲಿ ಹರಾರೆಯಲ್ಲಿ ಆರಂಭವಾದ ‘ಜ್ವಂದಿರಿ’ ಕಾರ್ಯಕ್ರಮದಲ್ಲಿ, ಎಚ್‌ಐವಿ ಇರುವ 18ರಿಂದ 24 ವರ್ಷದ ಯುವಜನರು ತರಬೇತಿ ಪಡೆದು, ತಮಗಿಂತ ಕಿರಿಯರ ಮನೆಗೆ ಹೋಗಿ ಮಾತನಾಡಿಸುತ್ತಾರೆ, ಚಿಕಿತ್ಸಾ ಕೇಂದ್ರದೊಂದಿಗೆ ಸಂಪರ್ಕ ಉಳಿಯುವಂತೆ ನೋಡಿಕೊಳ್ಳುತ್ತಾರೆ. 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮಾಮೂಲಿ ಆರೈಕೆ ಪಡೆದವರಲ್ಲಿ ಎರಡು ವರ್ಷದ ಹೊತ್ತಿಗೆ ವೈರಾಣು ಹತೋಟಿ ತಪ್ಪಿದವರು ಇಲ್ಲವೇ ಮೃತಪಟ್ಟವರು ಶೇ. 36ರಷ್ಟಿದ್ದರೆ, ಈ ಜೊತೆಗಾರರ ನೆರವೂ ಸಿಕ್ಕವರಲ್ಲಿ ಆ ಪ್ರಮಾಣ ಶೇ. 25ಕ್ಕೆ ಇಳಿದಿತ್ತು. ಔಷಧ ಇಬ್ಬರಿಗೂ ಲಭ್ಯವಿತ್ತು ಎಂಬುದನ್ನು ಗಮನಿಸಬೇಕು.

ನಮ್ಮ ಕಾಲೇಜುಗಳಲ್ಲಿ ಏಡ್ಸ್ ಜಾಗೃತಿಯ ರೆಡ್ ರಿಬ್ಬನ್ ಕ್ಲಬ್ಬುಗಳಿವೆ. ವಿಶ್ವ ಏಡ್ಸ್ ದಿನವಾದ ಡಿಸೆಂಬರ್ 1ರಂದು ಜಾಥಾ, ಭಾಷಣ, ಪ್ರತಿಜ್ಞೆ ನಡೆಯುತ್ತವೆ. ಆ ಭಾಷಣಗಳಲ್ಲಿ ಬಹುಪಾಲು, ಸಭಾಂಗಣದಲ್ಲಿ ಕುಳಿತ ಯಾರಿಗೂ ಎಚ್‌ಐವಿ ಇಲ್ಲವೆಂದೇ ಭಾವಿಸಿ ಮಾಡಿದಂಥವು. ಹಿಂದಿನ ಸಾಲಿನಲ್ಲಿ ಕುಳಿತು, ಬೆಳಿಗ್ಗೆಯೋ ರಾತ್ರಿಯೋ ತಪ್ಪದೆ ಮಾತ್ರೆ ನುಂಗುವ ವಿದ್ಯಾರ್ಥಿನಿ ಆ ‘ಮಾರಕ ರೋಗ’ದ ವರ್ಣನೆಯನ್ನು ಹೇಗೆ ಕೇಳಿಸಿಕೊಳ್ಳಬೇಕು? ಚಿಕಿತ್ಸೆಯಿಂದ ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೆಯೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲ ಎಂಬುದು ಈಗ ದೃಢಪಟ್ಟ ಸತ್ಯ. ಕಾರ್ಯಕ್ರಮದ ಮಾತುಗಳನ್ನು ಸಿದ್ಧಪಡಿಸುವ ಹಂತದಲ್ಲಿಯೇ ಎಚ್‌ಐವಿ ಇರುವ ಯುವಜನರ ಸಲಹೆ ಕೇಳಿದ್ದರೆ, ಅವರು ಮೊದಲು ಹೇಳಲು ಬಯಸುತ್ತಿದ್ದುದು ಬಹುಶಃ ಇದನ್ನೇ.

ಸಂಸತ್ತು 2017ರಲ್ಲಿ ಅಂಗೀಕರಿಸಿದ, 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯು ಶಾಲೆ, ಉದ್ಯೋಗ, ಚಿಕಿತ್ಸೆ, ಬಾಡಿಗೆ ಮನೆ ಎಲ್ಲೆಡೆಯೂ ತಾರತಮ್ಯವನ್ನು ನಿಷೇಧಿಸುತ್ತದೆ. ಅದರಲ್ಲಿ ಹೆಚ್ಚು ಚರ್ಚೆಯಾಗದ ಅಂಶವೊಂದಿದೆ: ಸೋಂಕಿನಿಂದ ಬಾಧಿತವಾದ ಕುಟುಂಬವನ್ನು ನಿಭಾಯಿಸುತ್ತಿರುವ, ತಕ್ಕಷ್ಟು ತಿಳಿವಳಿಕೆಯುಳ್ಳ 12ರಿಂದ 18 ವರ್ಷದೊಳಗಿನ ಮಗು, ತನ್ನ ತಮ್ಮ ತಂಗಿಯರ ಶಾಲಾ ದಾಖಲಾತಿ, ಬ್ಯಾಂಕ್ ಖಾತೆ, ಚಿಕಿತ್ಸೆ ಮೊದಲಾದವುಗಳಿಗೆ ಪೋಷಕನಾಗಿ ವರ್ತಿಸಬಹುದು. ಎಳೆಯರು ಎಳೆಯರನ್ನು ಸಲಹುತ್ತಿದ್ದಾರೆಂಬ ವಾಸ್ತವವನ್ನು ಕಾನೂನು ಹೀಗೆ ಒಪ್ಪಿಕೊಂಡಿದೆ.

ಅದೇ ಕಾನೂನು, ತನ್ನ ಸ್ಥಿತಿಯನ್ನು ಬಹಿರಂಗಪಡಿಸುವಂತೆ ಯಾರನ್ನೂ ಬಲವಂತಪಡಿಸಕೂಡದೆಂದೂ ಹೇಳುತ್ತದೆ. ‘ನೀನು ಯಾರ ಮನೆಯವನು’ ಎಂಬ ಪ್ರಶ್ನೆಯಿಂದಲೇ ಪರಿಚಯ ಆರಂಭವಾಗುವ ಕರಾವಳಿಯಲ್ಲಿ ಒಬ್ಬ ಹುಡುಗಿ ವೇದಿಕೆ ಹತ್ತಿದರೆ, ಅದರ ಬೆಲೆಯನ್ನು ಅವಳ ಅಕ್ಕನ ಮದುವೆ ಮಾತುಕತೆಯೂ ತೆರಬೇಕಾಗಬಹುದು. ಆದ್ದರಿಂದ ಧೈರ್ಯವಾಗಿ ಮುಂದೆ ಬನ್ನಿ ಎಂದು ಯುವಜನರನ್ನು ಹುರಿದುಂಬಿಸುವುದಕ್ಕಿಂತ, ಆಪ್ತಸಮಾಲೋಚನೆಯ ಕೋಣೆಯೊಳಗೆ, ಕೇಳುವವರ ಮತ್ತು ಹೇಳುವವರ ನಡುವೆಯೇ ಉಳಿಯುವ ಕೆಲಸವನ್ನು ಅವರಿಗೆ ಒಪ್ಪಿಸುವುದು ಸರಿಯಾದ ಕ್ರಮ. ಆ ಕೆಲಸಕ್ಕೆ ತರಬೇತಿ ಬೇಕು, ಬಸ್ಸಿನ ಖರ್ಚು ಬೇಕು, ಇನ್ನೊಬ್ಬರ ದುಃಖ ಕೇಳಿ ಕುಗ್ಗಿದಾಗ ತಮ್ಮ ಮಾತನ್ನು ಕೇಳುವ ಹಿರಿಯರು ಬೇಕು, ತಿಂಗಳ ಸಂಬಳವೂ ಬೇಕು. ಒಬ್ಬರು ಮೂವತ್ತರ ಹತ್ತಿರ ಬಂದು ಬೇರೆ ಉದ್ಯೋಗಕ್ಕೆ ಹೊರಟಾಗ ಅವರ ಜಾಗಕ್ಕೆ ಮತ್ತೊಬ್ಬ ಇಪ್ಪತ್ತರವರನ್ನು ನೇಮಿಸುವ ಏರ್ಪಾಡು ಜಿಲ್ಲಾ ಮಟ್ಟದಲ್ಲಿಯೇ ಇರಬೇಕು.