ಹೂಮಳೆಗೆ ಮುನ್ನ ಅಂಗಳಕ್ಕೆ ಎಷ್ಟು ನೀರು?

ಮಾರ್ಚ್ ಬಂತೆಂದರೆ ಕೊಡಗಿನ ಯಾವ ಮನೆಗೆ ಹೋದರೂ ಮಾತು ಹೂಮಳೆಯದ್ದೇ, ಅಂದರೆ ಕಾಫಿಯ ಹೂ ಅರಳಿಸುವ ಬೇಸಿಗೆ ಮಳೆಯದ್ದೇ. ಬಿದ್ದರೆ ಒಂದು ಇಂಚಾದರೂ ಬೀಳಬೇಕು, ಅರೆಬರೆ ಹನಿದರೆ ಕಾಫಿಯ ಮೊಗ್ಗು ಕೆಡುತ್ತದೆ ಎಂಬ ಆತಂಕ. ಮಳೆ ಕೈಕೊಟ್ಟರೆ ರೊಬಸ್ಟಾ ಜಾತಿಯ ಕಾಫಿಗೆ ಸ್ಪ್ರಿಂಕ್ಲರ್ ಹಾಕುತ್ತಾರೆ, ಅದನ್ನೂ ಮೊಗ್ಗು ಬಲಿಯುವವರೆಗೆ ಕಾದೇ ಹಾಕುತ್ತಾರೆ. ಒಣಗಿ ನಿಂತ ಗಿಡಕ್ಕೆ ನೀರು ಬಿದ್ದಾಗ ಹೂವಾಗುತ್ತದೆ ಎಂಬುದನ್ನು ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅದೇ ಮನೆಯ ಅಂಗಳದಲ್ಲಿ ಮಾತ್ರ ಬೆಳಿಗ್ಗೆ, ಸಂಜೆ ಪೈಪು ಹಿಡಿದು ಎಲ್ಲ ಕುಂಡಗಳಿಗೂ ಒಂದೇ ಸಮ ನೀರು! ಹೂದೋಟ ನೋಡಲು ಕರೆದಲ್ಲೆಲ್ಲ ನಾನು ಮೊದಲು ನಿಲ್ಲಿಸುವುದು ಇದನ್ನೇ.

ಮೇ ಫ್ಲವರ್ ಲಿಲ್ಲಿಯನ್ನು ನೋಡಿ. ಒಂದೇ ದಂಟಿನ ತುದಿಯಲ್ಲಿ ಎಷ್ಟೋ ಸಣ್ಣ ಕೆಂಪು ಹೂಗಳು ಸೇರಿ ಚೆಂಡಾಗುವ ಗಿಡವಿದು. ಚಳಿಗಾಲದಲ್ಲಿ ಎಲೆ ಬಾಡಿಸಿಕೊಂಡು ಗಡ್ಡೆ ಮಲಗುತ್ತದೆ. ಆಗ ನೀರು ಹಾಕಿದರೆ ಗಡ್ಡೆ ಕೊಳೆಯುತ್ತದೆ. ಕುಂಡವನ್ನು ಸೂರಿನಡಿ ಸರಿಸಿಟ್ಟು ಸುಮ್ಮನಿರಿ. ಬೇಸಿಗೆ ಮಳೆ ಬಿದ್ದು ಮಣ್ಣು ಸೀಳಿ ಮೊಗ್ಗಿನ ಮೂತಿ ಕಂಡ ಮೇಲೆ ನೀರು ಕೊಡಿ. ಹೂ ಮುಗಿದ ನಂತರ ಎಲೆಗಳನ್ನು ಕತ್ತರಿಸಬೇಡಿ, ಮುಂದಿನ ವರ್ಷದ ಹೂವಿಗೆ ಗಡ್ಡೆ ತುಂಬಿಸುವುದು ಮಳೆಗಾಲವಿಡೀ ಹಸಿರಾಗಿರುವ ಆ ಎಲೆಗಳೇ. ಗಡ್ಡೆ ವಿಷ, ಪುಟ್ಟ ಮಕ್ಕಳು, ನಾಯಿಗಳಿರುವ ಮನೆಯವರು ಎಚ್ಚರವಿರಬೇಕು. ಕಾಗದದ ಹೂವಿಗೂ (ಬೋಗನ್‌ವಿಲ್ಲಾ) ನೀರಿನ ಆಸೆಯಿಲ್ಲ. ಹೆಚ್ಚು ಕುಡಿಸಿದರೆ ಬರೀ ಎಲೆ, ಬಳ್ಳಿ.

ದೊಡ್ಡ ಗೊಂಚಲಾಗಿ ಹೂ ಬಿಡುವ ಹೈಡ್ರಾಂಜಿಯಾದ ರೀತಿಯೇ ಬೇರೆ. ಅದಕ್ಕೆ ಒಂದು ದಿನದ ಬಾಯಾರಿಕೆಯೂ ತಡೆಯದು. ಹಾಗೆಂದು ಮಧ್ಯಾಹ್ನ ಎಲೆ ಜೋತಾಡಿದ ಕೂಡಲೇ ಪೈಪು ಎತ್ತಿಕೊಳ್ಳಬೇಡಿ. ಸಂಜೆಯ ತಂಪಿಗೆ ಅದು ತಾನಾಗಿ ಚೇತರಿಸಿಕೊಳ್ಳುವುದುಂಟು. ಮರುದಿನ ಬೆಳಿಗ್ಗೆಯೂ ಜೋತೇ ಇದ್ದರೆ ಬುಡಕ್ಕೆ ಧಾರಾಳವಾಗಿ ಹಾಕಿ, ಮೇಲೆ ತರಗೆಲೆ ಹರಡಿ.

ಬಣ್ಣದ ಬಗ್ಗೆ ಎಲ್ಲರೂ ಕೇಳುತ್ತಾರೆ. ನಮ್ಮ ಭಾರೀ ಮಳೆ ಮಣ್ಣಿನ ಸುಣ್ಣದ ಅಂಶವನ್ನು ತೊಳೆದೊಯ್ದು ಹುಳಿ ಉಳಿಸುತ್ತದೆ. ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಬೇರಿಗೆ ಸಿಗುತ್ತದೆ, ಹೂ ನೀಲಿಯಾಗುತ್ತದೆ. ಅದೇ ಗಿಡದ ಕಡ್ಡಿಯನ್ನು ಹೊಸ ಸಿಮೆಂಟ್ ಗೋಡೆಯ ಪಕ್ಕ ನೆಟ್ಟರೆ ಗುಲಾಬಿ ಬಣ್ಣಕ್ಕೆ ತಿರುಗಬಹುದು, ಸಿಮೆಂಟಿನ ಸುಣ್ಣ ಮಣ್ಣಿಗೆ ಇಳಿದಿರುತ್ತದೆ. ಬಿಳಿ ತಳಿಗಳು ಮಾತ್ರ ಯಾವ ಮಣ್ಣಿನಲ್ಲಿಯೂ ನೀಲಿಯಾಗುವುದಿಲ್ಲ. ಗೊಬ್ಬರದ ಅಂಗಡಿಯಲ್ಲಿ ದುಡ್ಡು ಸುರಿಯುವ ಮೊದಲು ಗಿಡದ ಜಾಗ ನೋಡಿ.

ಸವರುವುದರಲ್ಲಿಯೂ ತಪ್ಪುತ್ತಾರೆ. ನಾವು ಸಾಮಾನ್ಯವಾಗಿ ಬೆಳೆಸುವ ಹೈಡ್ರಾಂಜಿಯಾ ಹಿಂದಿನ ವರ್ಷದ ಕೊಂಬೆಯ ತುದಿಯಲ್ಲಿ ಹೂ ಬಿಡುತ್ತದೆ. ಫೆಬ್ರವರಿಯಲ್ಲಿ ಅಂಗಳ ಚೊಕ್ಕ ಮಾಡುವ ಉತ್ಸಾಹದಲ್ಲಿ ತಲೆ ಕತ್ತರಿಸಿದರೆ ಆ ವರ್ಷದ ಹೂವನ್ನೇ ಕತ್ತರಿಸಿದಂತೆ. ಹೂ ಮುಗಿದೊಡನೆ ಸವರಿ. ಡೇರೆ (ಡೇಲಿಯಾ) ಗಡ್ಡೆ ನೆಡಲು ಏಪ್ರಿಲ್, ಮೇ ಸಕಾಲ, ಅದರ ಹೂವು ಮಳೆಯಲ್ಲಿ ಬರುತ್ತದೆ.

ಕುಶಾಲನಗರದ ಕಡೆ ಬಿಸಿಲು ಜೋರು, ಭಾಗಮಂಡಲದಲ್ಲಿ ತಂಪು. ಹಾಗಾಗಿ ಪಕ್ಕದ ಊರಿನವರ ನೀರಿನ ಲೆಕ್ಕ ನಿಮಗೆ ಹೊಂದಬೇಕೆಂದಿಲ್ಲ. ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿನೊಳಗೆ ಇಳಿಸಿ ನೋಡುವುದೇ ನಂಬಿಕೆಯ ಉಪಾಯ.

ಬಿಟ್ಟ ಹೂವನ್ನು ಮನೆಯೊಳಗೂ ತನ್ನಿ. ಹೈಡ್ರಾಂಜಿಯಾವನ್ನು ಬಿಸಿಲೇರುವ ಮೊದಲೇ ಕತ್ತರಿಸಿ, ದೊಡ್ಡ ಎಲೆಗಳನ್ನು ತೆಗೆದು ಹೂದಾನಿಗಿಡಿ. ಬಾಡಿದರೆ ಇಡೀ ಗೊಂಚಲನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ. ಎಸಳುಗಳೇ ನೀರು ಹೀರಿ ಬಹುಮಟ್ಟಿಗೆ ಮತ್ತೆ ಸೆಟೆದು ನಿಲ್ಲುತ್ತವೆ.