ಹಳೆಯ ಕ್ರೋಶಾ ಪುಸ್ತಕ ನೋಡಿ ಹಾಕಿದರೆ ಅಳತೆ ಯಾಕೆ ಬರಲ್ಲ?

ಪ್ರಶ್ನೆ: ಅತ್ತೆಯವರ ಟ್ರಂಕಿನಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ ಹಳೆಯ ಕ್ರೋಶಾ ಪುಸ್ತಕ ಸಿಕ್ಕಿತು. ಸೀರೆಗೆ ಕ್ರೋಶಾ ಕುಚ್ಚು ಹಾಕಿ ಅಭ್ಯಾಸವಿದೆ, ಉಳಿದದ್ದನ್ನು ವಿಡಿಯೋ ನೋಡಿ ಕಲಿತೆ. ಪುಸ್ತಕದಲ್ಲಿ ಬರೆದ ಹಾಗೇ ಬ್ಲೌಸ್ ಹಾಕಿದರೂ ತೋಳು ಉದ್ದವಾಗಿ, ಜಾಳುಜಾಳಾಗಿ ಬರುತ್ತಿದೆ. ತಪ್ಪು ಎಲ್ಲಿದೆ? (ಓದುಗರೊಬ್ಬರು, ಬಸವನಗುಡಿ)

ತಪ್ಪು ನಿಮ್ಮ ಕೈಯಲ್ಲಿಲ್ಲ, ಹೆಸರಿನಲ್ಲಿದೆ. ಬ್ರಿಟಿಷರು ‘ಡಬಲ್ ಕ್ರೋಶೆ’ ಅನ್ನುವ ಗಿಡ್ಡ ಸ್ಟಿಚ್ಚಿಗೆ ಅಮೆರಿಕದವರು ‘ಸಿಂಗಲ್ ಕ್ರೋಶೆ’ ಅನ್ನುತ್ತಾರೆ. ಅಮೆರಿಕದವರ ‘ಡಬಲ್’ ಅಂದರೆ ಬ್ರಿಟಿಷರ ‘ಟ್ರೆಬಲ್’, ಅದು ಎತ್ತರದ ಸ್ಟಿಚ್. ವಿಡಿಯೋಗಳಲ್ಲಿ ಹೆಚ್ಚಾಗಿ ಅಮೆರಿಕದ ಹೆಸರುಗಳೇ ಇರುತ್ತವೆ, ನಿಮ್ಮ ಪುಸ್ತಕ ಬ್ರಿಟನ್ನಿನದು. ಗಿಡ್ಡ ಸ್ಟಿಚ್ ಹಾಕಬೇಕಾದ ಕಡೆಯಲ್ಲೆಲ್ಲ ನೀವು ಎತ್ತರದ್ದು ಹಾಕಿದ್ದೀರಿ. ತೋಳು ಉದ್ದವಾಗದೆ ಇನ್ನೇನಾಗುತ್ತೆ? ನಾನೂ ಮೊದಲು ಒಂದು ಇಡೀ ತೋಳು ಮುಗಿಸಿ, ಆಮೇಲೆ ಬಿಚ್ಚಿದ್ದೇನೆ.

ಪುಸ್ತಕ ಯಾವ ದೇಶದ್ದು ಅಂತ ಗೊತ್ತಾಗದಿದ್ದರೆ ಸಾಲಿನ ಕೊನೆ ನೋಡಿ. ಮುಂದಿನ ಸಾಲಿಗೆ ತಿರುಗುವಾಗ ಒಂದು ಚೈನ್ (ಸರಪಳಿಯಂಥ ಒಂಟಿ ಕುಣಿಕೆ) ಹಾಕಿ ‘ಡಬಲ್’ ಹಾಕು ಅಂದಿದ್ದರೆ ಅದು ಬ್ರಿಟಿಷ್ ಲೆಕ್ಕ, ಮೂರು ಚೈನ್ ಅಂದಿದ್ದರೆ ಅಮೆರಿಕದ್ದು. ‘ಸಿಂಗಲ್’ ಅನ್ನುವ ಪದ ಕಂಡಿತು ಅಂತ ಸುಮ್ನೆ ಅಮೆರಿಕದ್ದು ಅಂದುಕೊಳ್ಳಬೇಡಿ. ತುಂಬಾ ಹಳೆಯ ಬ್ರಿಟಿಷ್ ಪುಸ್ತಕಗಳಲ್ಲಿ ‘ಸಿಂಗಲ್’ ಅಂದರೆ ಸ್ಲಿಪ್ ಸ್ಟಿಚ್, ಎತ್ತರವೇ ಇಲ್ಲದಷ್ಟು ಗಿಡ್ಡ ಸ್ಟಿಚ್. ಚೈನ್ ಎಣಿಸುವುದೇ ಹೆಚ್ಚು ನಂಬಿಕೆಯ ದಾರಿ.

ಕ್ರೋಶಾ ಕಡ್ಡಿಯ ನಂಬರಿನಲ್ಲೂ ಇದೇ ಗೊಂದಲ. ಹಳೆಯ ಬ್ರಿಟಿಷ್ 8 ನಂಬರ್ ಅಂದರೆ 4 ಮಿಲಿಮೀಟರ್, 14 ನಂಬರ್ ಅಂದರೆ 2 ಮಿಲಿಮೀಟರ್. ನಂಬರ್ ಜಾಸ್ತಿಯಾದಷ್ಟೂ ಕಡ್ಡಿ ಸಣ್ಣ. ಅಮೆರಿಕದ 8 ನಂಬರಿನ ಅಲ್ಯೂಮಿನಿಯಂ ಕಡ್ಡಿ 5 ಮಿಲಿಮೀಟರ್. ಚಿಕ್ಕಪೇಟೆಯಲ್ಲಿ ಕೊಳ್ಳುವಾಗ ನಂಬರ್ ಹೇಳಬೇಡಿ, ಮಿಲಿಮೀಟರ್ ಹೇಳಿ.

ಈಗ ಬಹಳ ಜನ ಬೇಸರಪಡುವ ಕೆಲಸ: 4 ಇಂಚಿನ ಚೌಕ ಹಾಕಿ ನೋಡುವುದು. ದಯವಿಟ್ಟು ಬಿಡಬೇಡಿ. 4 ಇಂಚಿಗೆ 30 ಸ್ಟಿಚ್ ಬರಬೇಕು ಅಂತ ಪುಸ್ತಕ ಹೇಳಿದೆ, ನಿಮ್ಮ ಕೈಯಲ್ಲಿ 26 ಬಂತು ಅಂದುಕೊಳ್ಳಿ. ನಾಲ್ಕೇ ಸ್ಟಿಚ್ಚಿನ ವ್ಯತ್ಯಾಸ, ಅಲ್ವಾ? ಆದರೆ 32 ಇಂಚಿನ ಬ್ಲೌಸ್ ಹತ್ತಿರ ಹತ್ತಿರ 37 ಇಂಚು ಆಗುತ್ತದೆ. ಆಗ ಒಂದು ಸೈಜ್ ಸಣ್ಣ ಕಡ್ಡಿ ಹಿಡಿದು ಇನ್ನೊಂದು ಚೌಕ ಹಾಕಿ. ಹತ್ತಿ ನೂಲಾದರೆ ಚೌಕವನ್ನು ಒಗೆದು, ಒಣಗಿಸಿ, ಆಮೇಲೆ ಅಳೆಯಿರಿ. ಪುಸ್ತಕ ಉಣ್ಣೆ ಅಂದಿದ್ದರೂ ನಮ್ಮ ಬೆಂಗಳೂರಿನ ಹವೆಗೆ ಹತ್ತಿಯೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಆದರೆ ಹತ್ತಿ ಭಾರ, ಜೋತುಬೀಳುತ್ತದೆ. ಹಾಗಾಗಿ ತೋಳಿನ ಉದ್ದ ಸ್ವಲ್ಪ ಕಡಿಮೆ ಇಟ್ಟುಕೊಳ್ಳಿ.

ನನ್ನನ್ನು ಕೇಳಿದರೆ, ಬ್ಲೌಸಿಗಿಂತ ಮೊದಲು ಒಂದು ಕಾಲರ್ ಹಾಕಿ. ಕತ್ತಿನ ಅಳತೆ ಒಂದು ಸರಿಯಿದ್ದರೆ ಸಾಕು, ಸಾದಾ ಹತ್ತಿ ಕುರ್ತಾದ ಮೇಲೆ ಎಷ್ಟು ಚೆನ್ನಾಗಿ ಕಾಣುತ್ತೆ! ಹಳೆಯ ಪುಸ್ತಕಗಳಲ್ಲಿ ‘ಐರಿಷ್ ಕ್ರೋಶೆ’ ಅಂತ ಇದ್ದರೆ ಅಲ್ಲಿ ನಿಲ್ಲಿ. ಗುಲಾಬಿ, ಎಲೆಗಳನ್ನು ಬಿಡಿಬಿಡಿಯಾಗಿ ಹಾಕಿ, ಆಮೇಲೆ ಜಾಲರಿಯಿಂದ ಕೂಡಿಸುವ ಕೆಲಸ ಅದು. 1840ರ ದಶಕದಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಜನ ಹಸಿವಿನಿಂದ ಸಾಯುತ್ತಿದ್ದಾಗ, ಈ ಲೇಸ್ ಮಾರಿ ಎಷ್ಟೋ ಹೆಂಗಸರು ಮನೆ ನಡೆಸಿದರು. ಒಂದೊಂದು ಹೂವೂ ಬೇರೆಯಾಗಿರುವುದರಿಂದ ತಪ್ಪಿದರೆ ಆ ಹೂವನ್ನಷ್ಟೇ ಬಿಚ್ಚಿದರೆ ಸಾಕು. ಕುಚ್ಚು ಹಾಕಿ ಪಳಗಿದ ಕೈಗೆ ಇದು ಕಷ್ಟವೇ ಅಲ್ಲ.

ಈಗಾಗಲೇ ಹಾಕಿರುವ ತೋಳನ್ನು ಎಸೆಯಬೇಡಿ. ಬಿಚ್ಚಿ, ನೂಲನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ ನೀರಿನಲ್ಲಿ ನೆನೆಸಿ. ನೆರಳಿನಲ್ಲಿ ತೂಗುಹಾಕಿ ಒಣಗಿಸಿದರೆ ಸುರುಳಿ ಬಿಟ್ಟು ನೇರವಾಗುತ್ತದೆ. ಅದೇ ನೂಲಿನಲ್ಲಿ ಕಾಲರ್ ಹಾಕಬಹುದು.